ಒಬ್ಬನೇ ಮಗ, ಅದಕ್ಕೇ ಹಟ ಅಂತಾರೆ. ತಮ್ಮನೋ ತಂಗಿಯೋ ಬಂದ್ರೆ ಸರಿ ಹೋಗುತ್ತಾ?

ಡೊಂಬಿವಲಿ ಅಮ್ಮ · ಭಾನುವಾರ, ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ತಿದ್ದೆ, ಇವತ್ತು ಕೇಳಲೇಬೇಕು ಅನ್ನಿಸಿತು.

ಮಗನಿಗೆ ಆರೂವರೆ ವರ್ಷ, ಒಂದನೇ ಕ್ಲಾಸು. ಮನೇಲಿ ನಾನು, ಯಜಮಾನರು, ಅತ್ತೆ, ಅವನು, ನಾಲ್ಕೇ ಜನ. ನಾವಿಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದರೆ ವಾಪಸ್ ಬಂದು ಬಾಗಿಲು ತಟ್ಟೋದು ರಾತ್ರಿ ಎಂಟಕ್ಕೆ. ಶುಕ್ರವಾರ ಶಾಲೆಯಿಂದ ಫೋನ್ ಬಂತು. ಜಾರುಬಂಡಿ ಹತ್ತಿರ ಸಾಲಿನಲ್ಲಿ ಮುಂದೆ ನಿಂತಿದ್ದ ಹುಡುಗಿಯನ್ನ ನೂಕಿದ್ದಾನೆ, ಅವಳ ಮೊಣಕೈ ತರಚಿ ರಕ್ತ ಬಂದಿದೆ. ಇದೇ ಮೊದಲಲ್ಲ. ಕ್ರೇಯಾನ್ ಯಾರಾದರೂ ಕೇಳಿದರೆ ಡಬ್ಬಿನ ಎದೆಗೆ ಅವಚಿಕೊಂಡು ಕೂತುಬಿಡ್ತಾನೆ. ಆಟದಲ್ಲಿ ಔಟ್ ಅಂದರೆ ಒಪ್ಪಲ್ಲ. ಟೀಚರ್ ಒಳ್ಳೆಯವರೇ, ಬೈಯಲಿಲ್ಲ. ಫೋನ್ ಇಡೋ ಮೊದಲು ಒಂದು ಮಾತು ಹೇಳಿದರು, "ಏಕುಲತಾ ಏಕ್ ಆಹೇ ನಾ" ಅಂತ. ಒಬ್ಬನೇ ಅಲ್ವಾ, ಹೀಗೇ ಇರುತ್ತೆ ಅನ್ನೋ ಧಾಟಿ.

ಊರಿಗೆ ಹೋದರೂ ಇದೇ ಮಾತು. "ಇನ್ನೊಂದು ಆಗಲಿ, ತಾನಾಗೇ ಬಗ್ಗುತ್ತಾನೆ." ನನ್ನ ಹೆರಿಗೆ ತುಂಬಾ ಕಷ್ಟದ್ದು, ಏಳು ದಿನ ಐಸಿಯುನಲ್ಲಿದ್ದೆ. ಒಂದೇ ಸಾಕು ಅಂತ ನಾವಿಬ್ಬರೂ ಆಗಲೇ ತೀರ್ಮಾನಿಸಿದ್ವಿ. ಈಗ ಯಜಮಾನರು ಬಾಯಿಬಿಟ್ಟು ಏನೂ ಹೇಳಲ್ಲ, ಆದರೆ ಅವರ ಮನಸ್ಸು ಅಲುಗಾಡಿದೆ ಅಂತ ನನಗೆ ಗೊತ್ತಾಗುತ್ತೆ. ನಮ್ಮ ಅನುಕೂಲ ನೋಡಿಕೊಂಡು ಮಗುವಿಗೆ ಅನ್ಯಾಯ ಮಾಡಿದ್ವಾ? ಗೊತ್ತಿರೋರು ಹೇಳಿ.

ಮುಲುಂಡ್ ದೊಡ್ಡಮ್ಮ · ಭಾನುವಾರ, ರಾತ್ರಿ 11.20

ತಂಗಿ, ಮೊದಲು ನಿದ್ದೆ ಮಾಡು. ಆರು ವರ್ಷದ ಹುಡುಗ ನೂಕಿದ್ದಕ್ಕೆ ಯಾರ ಮನೆಯೂ ಮುಳುಗುವುದಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ, ಬೇಸರ ಮಾಡಬೇಡ. ನಾವು ಐದು ಮಂದಿ ಮಕ್ಕಳು. ಪೇಟೆಯಿಂದ ಅಪ್ಪ ಎರಡು ಚಕ್ಕುಲಿ ಪೊಟ್ಟಣ ತಂದರೆ ಐದು ಪಾಲಾಗಬೇಕು, ಪಾಲು ಮಾಡಿದವರು ಕಡೆಗೆ ತೆಗೆದುಕೊಳ್ಳಬೇಕು. ಈ ನಿಯಮ ನಮಗೆ ಯಾರೂ ಕಲಿಸಿದ್ದಲ್ಲ, ಜಗಳ ಆಡಿ ಆಡಿ ನಾವೇ ಮಾಡಿಕೊಂಡದ್ದು. "ಆರತಿಗೊಬ್ಬಳು ಕೀರ್ತಿಗೊಬ್ಬ" ಅಂತ ಹಿರಿಯರು ಸುಮ್ಮನೆ ಹೇಳಿದ್ದಾ? ನಿನ್ನ ಆರೋಗ್ಯ ಒಪ್ಪಿದರೆ ಮಾತ್ರ ಯೋಚಿಸು. ಒಪ್ಪದಿದ್ದರೆ ನಾನು ಹೇಳಿದ್ದನ್ನು ಇಲ್ಲಿಗೇ ಬಿಡು.

ಠಾಣೆ ಇಬ್ಬರ ಅಪ್ಪ · ಸೋಮವಾರ, ಬೆಳಿಗ್ಗೆ 7.35

ದೊಡ್ಡಮ್ಮ, ನಿಮ್ಮ ಮೇಲೆ ಗೌರವ ಇಟ್ಟೇ ಹೇಳ್ತೀನಿ. ಅದೇ ಮಾತು ಕೇಳಿ ಎರಡನೇ ಮಗು ಮಾಡಿಕೊಂಡವನು ನಾನು.

ದೊಡ್ಡವಳಿಗೆ ಆಗ ನಾಲ್ಕು ವರ್ಷ. ಹಟ ಜಾಸ್ತಿ, ಆಟದ ಸಾಮಾನು ಮುಟ್ಟಿದರೆ ಕಿರುಚಾಟ. ಒಬ್ಬ ತಮ್ಮ ಬಂದರೆ ಹಂಚಿಕೊಳ್ಳೋದು ಕಲೀತಾಳೆ ಅಂದರು. ತಮ್ಮ ಬಂದ. ರಾತ್ರಿ ಹಾಸಿಗೆ ಒದ್ದೆ ಮಾಡೋದನ್ನ ಬಿಟ್ಟು ವರ್ಷವಾಗಿದ್ದವಳು ಮತ್ತೆ ಶುರು ಮಾಡಿದಳು. ಬಾಟಲಿಯಲ್ಲೇ ಹಾಲು ಬೇಕು ಅಂದಳು. ಒಂದು ದಿನ ನಾನು ಸ್ನಾನ ಮುಗಿಸಿ ಬಂದಾಗ ತೊಟ್ಟಿಲಲ್ಲಿದ್ದ ಕೂಸಿನ ಕಾಲನ್ನ ಹಿಡಿದು ಎಳೀತಾ ಇದ್ದಳು. ನಾನು ಅವಳಿಗೆ ಹೊಡೆದೆ. ಈಗ ಅವಳಿಗೆ ಹನ್ನೊಂದು, ಆ ಏಟು ಇನ್ನೂ ನನ್ನ ಕೈಯಲ್ಲಿ ಉರೀತಾ ಇದೆ.

ಈಗ ಇಬ್ಬರೂ ಚೆನ್ನಾಗಿದ್ದಾರೆ. ಸುಳ್ಳು ಹೇಳಲ್ಲ, ತಮ್ಮನಿಗೆ ಜ್ವರ ಬಂದರೆ ಪಕ್ಕದಿಂದ ಏಳೋದೇ ಇಲ್ಲ ಅವಳು. ಆದರೆ ಆ ಮೂರು ವರ್ಷ ನಾನೂ ನನ್ನ ಹೆಂಡತಿಯೂ ಇಬ್ಬರ ಮಧ್ಯೆ ಪೊಲೀಸರ ಹಾಗೆ ಓಡಾಡಿದ್ವಿ. ಮೊದಲ ಮಗುವಿನ ಹಟಕ್ಕೆ ಔಷಧಿ ಅಂತ ಎರಡನೇ ಮಗುವನ್ನ ತರಬೇಡಿ, ಅಕ್ಕ. ಆ ಎರಡನೆಯದಕ್ಕೂ ಅದು ಅನ್ಯಾಯ.

ಪುಣೆ ಸಲಹೆಗಾರ್ತಿ · ಸೋಮವಾರ, ಮಧ್ಯಾಹ್ನ 1.10

ನಾನು ಪುಣೆಯಲ್ಲಿ ಶಾಲಾ ಮಕ್ಕಳ ಆಪ್ತ ಸಲಹೆಗಾರ್ತಿ, ಈ ಕೆಲಸಕ್ಕೆ ಬಂದು ಹದಿನಾರು ವರ್ಷವಾಯಿತು. ಡೊಂಬಿವಲಿ ಅಮ್ಮನ ಪ್ರಶ್ನೆ ನನ್ನ ಮುಂದೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಒಂಟಿ ಮಗು ಕೆಡುತ್ತದೆ ಎನ್ನುವ ಮಾತಿಗೆ ಶಾಸ್ತ್ರದ ವೇಷ ತೊಡಿಸಿದ್ದು 1890ರ ದಶಕದ ಅಮೆರಿಕದಲ್ಲಿ. ಜಿ. ಸ್ಟ್ಯಾನ್ಲಿ ಹಾಲ್ ಎಂಬ ಹೆಸರಾಂತ ಮನೋವಿಜ್ಞಾನಿಯ ಬಳಗದ ಇ. ಡಬ್ಲ್ಯೂ. ಬೋಹ್ಯಾನನ್ ಒಂದು ಪ್ರಶ್ನಾವಳಿ ಹಂಚಿ, 'ವಿಚಿತ್ರ' ಎನಿಸುವ ಮಕ್ಕಳ ಬಗ್ಗೆ ಬರೆದು ಕಳಿಸಲು ಕೇಳಿದರು. ಉತ್ತರಿಸಿದವರು ತಮಗೆ ಗೊತ್ತಿದ್ದ ಮಕ್ಕಳ ಬಗ್ಗೆ ತಮಗೆ ತೋಚಿದ್ದನ್ನು ಬರೆದರು. ಅಕ್ಕಪಕ್ಕ ಮಕ್ಕಳನ್ನು ಕೂರಿಸಿ ಯಾರೂ ಹೋಲಿಸಿ ನೋಡಲಿಲ್ಲ. ಅಲ್ಲಿಂದ ಹೊರಟ ಮಾತು ಒಂದು ಶತಮಾನ ದಾಟಿ ಡೊಂಬಿವಲಿಯ ಒಬ್ಬ ಟೀಚರ್ ಬಾಯಲ್ಲಿ ಕೂತಿದೆ.

1986ರಲ್ಲಿ ಟೋನಿ ಫಾಲ್ಬೊ ಮತ್ತು ಡೆನಿಸ್ ಪೋಲಿಟ್ ಅಲ್ಲಿಯವರೆಗಿನ 115 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಓದು, ಬುದ್ಧಿ, ಗುಣ, ತಂದೆತಾಯಿಯರ ಜತೆಗಿನ ನಂಟು, ಬೆರೆಯುವ ಸ್ವಭಾವ, ಎಲ್ಲ. ಬೆರೆಯುವುದರಲ್ಲಿ ಒಂಟಿ ಮಕ್ಕಳಿಗೂ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ತಂದೆತಾಯಿಯರ ಜತೆಗಿನ ನಂಟಿನಲ್ಲಿ ಒಂಟಿ ಮಕ್ಕಳೇ ಒಂದು ಕೂದಲೆಳೆ ಮುಂದೆ. ಉಳಿದಂತೆ ಅವರು ಹೆಚ್ಚುಕಡಿಮೆ ಯಾವುದೇ ಮನೆಯ ಚೊಚ್ಚಲ ಮಕ್ಕಳ ಹಾಗೆ.

ಆದರೆ ನಿಮ್ಮ ಟೀಚರ್ ಕಂಡದ್ದು ಪೂರ್ತಿ ಸುಳ್ಳೂ ಅಲ್ಲ. ಇದನ್ನು ಮುಚ್ಚಿಡಬಾರದು. ಡಗ್ಲಸ್ ಡೌನಿ ಮತ್ತು ಡೆನಿಸ್ ಕಾಂಡ್ರನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 20,000ಕ್ಕೂ ಹೆಚ್ಚು ಶಿಶುವಿಹಾರದ ಮಕ್ಕಳಿದ್ದರು. ಸ್ನೇಹ ಮಾಡುವುದು, ಹೊಂದಿಕೊಳ್ಳುವುದು, ಇದರಲ್ಲಿ ಒಡಹುಟ್ಟಿದವರಿದ್ದ ಮಕ್ಕಳಿಗೆ ಟೀಚರುಗಳು ಸ್ವಲ್ಪ ಹೆಚ್ಚು ಅಂಕ ಕೊಟ್ಟರು. ಸ್ವಲ್ಪ ಮಾತ್ರ, ಆದರೆ ಇದೆ. ಆಮೇಲೆ ಅದೇ ಡೌನಿ ಮತ್ತು ಡೊನ್ನಾ ಬಾಬಿಟ್-ಝೆಹರ್ ಹೈಸ್ಕೂಲು ವಯಸ್ಸಿನ 13,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿದರು. "ನಿನ್ನ ಗೆಳೆಯರು ಯಾರು" ಎಂದು ಕೇಳಿದಾಗ ಸಹಪಾಠಿಗಳು ಒಂಟಿ ಮಕ್ಕಳ ಹೆಸರನ್ನೂ ಉಳಿದವರಷ್ಟೇ ಸಲ ಬರೆದಿದ್ದರು. ಅಂದರೆ ಮೊದಲ ವರ್ಷಗಳಲ್ಲಿ ಇದ್ದ ಅಂತರ ಶಾಲೆಯಲ್ಲಿ, ಬೀದಿಯಲ್ಲಿ, ಮೈದಾನದಲ್ಲಿ ಬೇರೆ ಮಕ್ಕಳ ಜತೆ ತಿಕ್ಕಾಡುತ್ತಾ ಮುಚ್ಚಿಕೊಂಡಿತು.

ನಿಮ್ಮ ಮಗ ಈಗ ಆ ಅಂತರದ ನಡುವೆ ಇದ್ದಾನೆ. ಇನ್ನೊಂದು ಲೆಕ್ಕವನ್ನೂ ಮರೆಯಬೇಡಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಅವನು ಇನ್ನೂ ಕೂಸು. ಬೇರೆ ಮಗುವಿನ ಕೂದಲು ಎಳೆದು, ತಾನೂ ಎಳೆಸಿಕೊಂಡು ಕಲಿಯುವ ಕಾಲ ಮುಚ್ಚಿದ ಬಾಗಿಲ ಹಿಂದೆ ಹೋಯಿತು.

ಒಂದು ಪ್ರಶ್ನೆ ಕೇಳುತ್ತೇನೆ, ಯೋಚಿಸಿ ಉತ್ತರ ಕೊಡಿ. ಮನೆಯಲ್ಲಿ ಅವನು ಆಟದಲ್ಲಿ ಕೊನೆಯ ಸಲ ಸೋತದ್ದು ಯಾವಾಗ?

ಮಾಟುಂಗಾ ಹಿರಿಯ · ಸೋಮವಾರ, ಸಂಜೆ 5.00

ಪುಣೆಯ ಮೇಡಂ ಬರೆದದ್ದು ಓದಿ ತುಂಬಾ ವಿಷಯ ತಿಳಿಯಿತು. ಆದರೆ ಅಮೆರಿಕದ ಶಿಶುವಿಹಾರದ ಲೆಕ್ಕ ನಮ್ಮ ಮನೆಗೆ ಹೊಂದುತ್ತದೆಯೇ ಎಂದು ನನಗೆ ಸಂಶಯ. ನಮ್ಮಲ್ಲಿ 'ಒಬ್ಬಳೇ ಮಗಳು' ಎಂದರೆ ಒಂಟಿ ಎಂದು ಅರ್ಥವೇ ಇರಲಿಲ್ಲ.

ನಾನು ಕಾರ್ಕಳದ ಕಡೆಯವನು. ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆಯಲ್ಲಿ ಓದು. ಮದುವೆಯಾದ ಮೇಲೆ ಪರೇಲಿನ ಚಾಳಿನಲ್ಲಿ ಒಂದು ಖೋಲಿ. ನಮಗೆ ಒಬ್ಬಳೇ ಮಗಳು, ದೇವರು ಕೊಟ್ಟದ್ದು ಅಷ್ಟೇ. ನಮ್ಮ ಮಾಳಿಗೆಯಲ್ಲಿ ಹದಿನೆಂಟು ಮಕ್ಕಳಿದ್ದರು. ಸಂಜೆ ನಲ್ಲಿ ನೀರು ಬರುವ ಹೊತ್ತಿಗೆ ಮನೆಗಳ ಮುಂದಿನ ಇಡೀ ಗ್ಯಾಲರಿ ಮಕ್ಕಳದ್ದು. ನನ್ನ ಮಗಳಿಗೆ ಜಡೆ ಹಾಕುತ್ತಿದ್ದವಳು ಪಕ್ಕದ ಮನೆಯ ದೊಡ್ಡ ಹುಡುಗಿ. ನನ್ನ ಮಗಳು ಎತ್ತಿಕೊಂಡು ತಿರುಗುತ್ತಿದ್ದದ್ದು ಎದುರು ಮನೆಯ ಕೂಸನ್ನು. 1982ರ ಗಿರಣಿ ಮುಷ್ಕರದ ಕಾಲದಲ್ಲಿ ಅಕ್ಕಪಕ್ಕದ ಮೂರು ಮನೆಗಳಲ್ಲಿ ಸಂಬಳ ನಿಂತಿತು. ಆ ಮಕ್ಕಳು ಎಷ್ಟೋ ದಿನ ನಮ್ಮಲ್ಲಿ ಉಂಡರು. ನನ್ನ ಮಗಳು ತನ್ನ ತಟ್ಟೆಯಿಂದ ತೆಗೆದು ಕೊಡುವುದನ್ನು ಕಲಿತದ್ದು ಆಗ. ಹಂಚಿಕೊಳ್ಳಬೇಕು ಎಂದು ನಾನು ಒಂದು ದಿನವೂ ಪಾಠ ಮಾಡಿದವನಲ್ಲ.

ಇನ್ನು ನಮ್ಮ ಮನೆ. ನಾವು ಏಳು ಮಂದಿ ಒಡಹುಟ್ಟಿದವರು. ಒಂದೇ ಚಾಪೆಯಲ್ಲಿ ಮಲಗಿ, ಒಂದೇ ಬಟ್ಟಲಲ್ಲಿ ಗಂಜಿ ಕುಡಿದವರು. ಅಪ್ಪ ತೀರಿದ ಮೇಲೆ ಅರ್ಧ ಎಕ್ರೆ ಅಡಿಕೆ ತೋಟಕ್ಕಾಗಿ ಇಪ್ಪತ್ತೆರಡು ವರ್ಷ ಕೋರ್ಟಿಗೆ ಅಲೆದೆವು. ನನ್ನ ಅಣ್ಣನ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ನಾನು ಹೋಗಲಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯೂ ಹಿರಿಯರದ್ದೇ. ಮುಲುಂಡಿನ ಅಮ್ಮನವರು ಹೇಳಿದ ಗಾದೆಯ ಪಕ್ಕದಲ್ಲಿ ಇದನ್ನೂ ಇಡಬೇಕು.

ಪುಣೆ ಸಲಹೆಗಾರ್ತಿ · ಸೋಮವಾರ, ರಾತ್ರಿ 9.15

ಸರ್, ನೀವು ಪರೇಲಿನ ಗ್ಯಾಲರಿಯಲ್ಲಿ ಕಂಡದ್ದನ್ನು ಅಧ್ಯಯನದಲ್ಲೂ ಕಂಡಿದ್ದಾರೆ, ಅದೂ ಅಮೆರಿಕದ ಹೊರಗೆ.

'ನನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ, ಅವನ ಮನಸ್ಸಿನಲ್ಲಿ ಬೇರೆಯೇ ಇದೆ' ಎಂದು ಮಗುವಿಗೆ ಹೊಳೆಯುವುದು ಸುಮಾರು ನಾಲ್ಕು ವರ್ಷದ ಆಸುಪಾಸು. ಈ ತಿಳಿವಳಿಕೆ ಇದ್ದರೆ ತಾನೇ "ನಾನು ನೂಕಿದರೆ ಅವಳಿಗೆ ನೋವಾಗುತ್ತದೆ" ಎನ್ನುವುದು ಅರ್ಥವಾಗುವುದು. ಒಡಹುಟ್ಟಿದವರು ಇದ್ದ ಮಕ್ಕಳಿಗೆ ಇದು ಬೇಗ ಬರುತ್ತದೆ ಎಂದು 1994ರಲ್ಲಿ ಜೋಸೆಫ್ ಪರ್ನರ್ ಮತ್ತು ಜತೆಗಾರರು ತೋರಿಸಿದರು. ಎರಡೇ ವರ್ಷಕ್ಕೆ, 1996ರಲ್ಲಿ, ಚಾರ್ಲಿ ಲೂಯಿಸ್ ಮತ್ತು ಸಂಗಡಿಗರು ಕ್ರೀಟ್ ಮತ್ತು ಸೈಪ್ರಸ್ ದ್ವೀಪಗಳಿಗೆ ಹೋದರು. ನಮ್ಮ ಹಾಗೆಯೇ ಅಜ್ಜಿ, ಅತ್ತೆ, ಮಾವ, ಅಕ್ಕಪಕ್ಕದವರೆಲ್ಲ ದಿನಾ ಮನೆಯಲ್ಲಿ ಬಂದು ಹೋಗುವ ಜಾಗ. ಅಲ್ಲಿ ಕಂಡದ್ದೇನೆಂದರೆ, ಮಗು ದಿನವೂ ಎಷ್ಟು ದೊಡ್ಡವರ ಜತೆ, ತನಗಿಂತ ದೊಡ್ಡ ಎಷ್ಟು ಮಕ್ಕಳ ಜತೆ ಒಡನಾಡುತ್ತದೆ ಎನ್ನುವುದು ಮುಖ್ಯ. ಅವರು ಒಂದೇ ಹೊಟ್ಟೆಯಲ್ಲಿ ಹುಟ್ಟಿರಬೇಕಾಗಿಲ್ಲ.

ಚೀನಾದ ಮಾತು ಯಾರಾದರೂ ಎತ್ತುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಒಂದೇ ಮಗುವಿನ ಕಟ್ಟಳೆ 1980ರ ಹೊತ್ತಿಗೆ ಬಂದು 2015ರ ಕೊನೆಯವರೆಗೆ ಇತ್ತು. 1993ರಲ್ಲಿ ಫಾಲ್ಬೊ ಮತ್ತು ಡಡ್ಲಿ ಪೋಸ್ಟನ್ ನಾಲ್ಕು ಪ್ರಾಂತಗಳ ತಲಾ 1,000 ಶಾಲಾ ಮಕ್ಕಳನ್ನು ನೋಡಿ, ಸ್ವಭಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಎಂದರು. 2013ರಲ್ಲಿ ಲೀಸಾ ಕ್ಯಾಮರಾನ್ ತಂಡ ಬೀಜಿಂಗಿನ 421 ವಯಸ್ಕರನ್ನು ಹಣದ ಆಟಗಳಲ್ಲಿ ಪರೀಕ್ಷಿಸಿ, ಕಟ್ಟಳೆ ಬಂದ ಮೇಲೆ ಹುಟ್ಟಿದವರು ಬೇರೆಯವರನ್ನು ನಂಬುವುದು ಕಡಿಮೆ, ಅಪಾಯಕ್ಕೆ ಕೈಹಾಕುವುದು ಕಡಿಮೆ ಎಂದಿತು. ಎರಡೂ ಮಾತು ನಿಮ್ಮ ಮುಂದಿವೆ. ನನ್ನ ಅಭಿಪ್ರಾಯ ಕೇಳಿದರೆ, ಊರಿಗೆ ಊರೇ ಒಂಟಿ ಮಕ್ಕಳಾದಾಗ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೂ ಇರುವುದಿಲ್ಲ, ಗ್ಯಾಲರಿಯೂ ಖಾಲಿ. ನಾವು ಭಯಪಡಬೇಕಾದದ್ದು ಅದಕ್ಕೆ.

ಆ ದಿಕ್ಕಿನಲ್ಲೇ ನಾವೂ ಹೊರಟಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು ಮಹಾರಾಷ್ಟ್ರದಲ್ಲಿ 1.7, ಕರ್ನಾಟಕದಲ್ಲಿ 1.7, ಗೋವಾದಲ್ಲಿ 1.3.

ಡೊಂಬಿವಲಿ ಅಮ್ಮ · ಸೋಮವಾರ, ರಾತ್ರಿ 11.40

ಮೇಡಂ, ನಿಮ್ಮ ಪ್ರಶ್ನೆ ಓದಿ ಯಜಮಾನರ ಮುಖ ನೋಡಿದೆ. ಅವರೂ ಓದಿ ಸುಮ್ಮನಾದರು.

ಅವನು ಮನೇಲಿ ಯಾವತ್ತೂ ಸೋತಿಲ್ಲ. ಲೂಡೋ ಆಡಿದರೆ ಇವರು ಬೇಕಂತ ತಪ್ಪು ಕಾಯಿ ನಡೆಸ್ತಾರೆ. ಕೇರಂ ಆಡಿದರೆ ಅತ್ತೆ ಅವನ ಕಾಯಿನ ಬೆರಳಲ್ಲೇ ತಳ್ಳಿ ಹಾಕಿ "ಬಿತ್ತು ಬಿತ್ತು" ಅಂತಾರೆ. ದಿನವೆಲ್ಲಾ ಬಿಟ್ಟು ಹೋಗ್ತೀವಿ, ಸಿಗೋದು ಎರಡು ಗಂಟೆ, ಅದರಲ್ಲೂ ಯಾಕೆ ಅಳಿಸಬೇಕು ಅಂತ. ಟಿವಿ ರಿಮೋಟ್ ಅವನದ್ದು. ಹಪ್ಪಳ ಕರಿದರೆ ಮೊದಲನೆಯದು ಅವನಿಗೆ. ಮಾತಾಡುವಾಗ ಮಧ್ಯೆ ಬಾಯಿ ಹಾಕಿದರೆ ಮೂರು ಜನವೂ ಮಾತು ನಿಲ್ಲಿಸಿ ಅವನ ಕಡೆ ತಿರುಗ್ತೀವಿ. ಕಾಯೋದು ಅನ್ನೋದನ್ನ ಅವನು ಮೊದಲು ನೋಡಿದ್ದೇ ಶಾಲೆಯ ಜಾರುಬಂಡಿ ಹತ್ತಿರ ಇರಬೇಕು.

ವಾಸ್ಕೋ ಅಕ್ಕಾರು · ಮಂಗಳವಾರ, ಬೆಳಿಗ್ಗೆ 6.20

ನಮಸ್ಕಾರ್ರಿ ಎಲ್ಲಾರಿಗೂ. ನಾ ಬಾಗಲಕೋಟಿ ಕಡಿಯಾಕಿ, ವಾಸ್ಕೋದಾಗ ಇದ್ದು ಇಪ್ಪತ್ತು ವರ್ಷ ಆತು. ಸಂಜೀಕ ಝುವಾರಿನಗರದಾಗ ನಮ್ಮ ಕಡೆ ಕೂಲಿ ಮಂದಿ ಮಕ್ಕಳಿಗೆ ಅಕ್ಷರ ಹೇಳಿಕೊಡ್ತೀನಿ.

ನೀವೆಲ್ಲಾ ಒಂದ ಕೂಸಿನ ಚಿಂತಿ ಮಾಡಾಕತ್ತೀರಿ. ನಾ ಬ್ಯಾರೇ ಕೂಸಿನ ಮಾತ ಹೇಳ್ತೀನಿ. ನನ್ನ ಹಂತ್ಯಾಕ ಬರೂ ಒಬ್ಬಾಕಿ ಹುಡುಗಿಗೆ ಒಂಬತ್ತ ವರ್ಷ. ಕೆಳಗ ಇಬ್ರು ತಮ್ಮಂದ್ರು, ಸಣ್ಣಾಂವ ಇನ್ನೂ ಸೊಂಟದ ಮ್ಯಾಲೇ ಇರ್ತಾನ. ಅವ್ವ ಅಪ್ಪ ಬಿಲ್ಡಿಂಗ್ ಕೆಲಸಕ್ಕ ಹೋದ್ರ ಮುಂಜಾನಿಂದ ಇಬ್ರನ್ನೂ ನೋಡ್ಕೊಳ್ಳೂದು ಆಕಿನ. ಆಕಿ ನಡವಳಿಕಿ ನೋಡಿದ್ರ ನಿಮ್ಮ ಕಣ್ಣಾಗ ನೀರ ಬರ್ತಾವ. ಬಿಸ್ಕೀಟ ಕೊಟ್ರ ಮೊದಲ ತಮ್ಮಂದ್ರಿಗೆ ಮುರದ ಕೊಡ್ತಾಳ, ತಾ ಬೆರಳ ನೆಕ್ತಾಳ. ಎಂದೂ ಹಟಾ ಮಾಡಿಲ್ಲ. ಎಲ್ಲಾರೂ "ಎಷ್ಟ ಶಾಣ್ಯಾ ಹುಡುಗಿ" ಅಂತ ಹೊಗಳ್ತಾರ. ನನಗ ಹೊಟ್ಟಿ ಉರೀತದ. ಕುಂಟಾಬಿಲ್ಲೆ ಆಡೂ ಹುಡುಗ್ರನ್ನ ನಿಂತು ನೋಡ್ತಾಳ, ಸೊಂಟದ ಮ್ಯಾಲಿನ ಕೂಸನ್ನ ಇಳಸಾಕ ಬರೂದಿಲ್ಲ ಆಕಿಗೆ. ಸಾಲಿಗೆ ವಾರದಾಗ ಎರಡ ದಿನ ಹೋದ್ರ ಹೆಚ್ಚು.

ತಮ್ಮಂದ್ರು ಇದ್ದದ್ದಕ್ಕ ಆಕಿ ಚಲೋ ಆಗಿಲ್ಲರೀ, ಆಕಿ ಬಾಲ್ಯಾನ ಅವ್ರು ತಿಂದಾರ. ಅವ್ರ ತಪ್ಪೂ ಅಲ್ಲ ಅದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆದಾಗ 50ಕ್ಕಿಂತ ಹೆಚ್ಚ ಹೆಣ್ಣಾಳು ಇದ್ದಲ್ಲೆ ಕೂಸಿನ ಮನಿ ಮಾಡಬೇಕಂತ ಬರದಿದ್ರು. ಹದಿನೈದು ಇಪ್ಪತ್ತು ಹೆಣಮಕ್ಕಳು ದುಡಿಯೂ ಸಣ್ಣ ಕೆಲಸದಾಗ ಕೇಳಾಂವ ಯಾರು? ಅದೊಂದ ಇದ್ದಿದ್ರ ಈ ಹುಡುಗಿ ಕುಂಟಾಬಿಲ್ಲೆ ಆಡ್ತಿದ್ಲು.

ಡೊಂಬಿವಲಿ ಅಕ್ಕಾರ, ನಿಮ್ಮ ಮಗ ಹಟಾ ಮಾಡ್ತಾನ ಅಂದ್ರ ಹಟಾ ಮಾಡಾಕ ಅವಂಗ ಜಾಗ ಐತಿ. ಅಷ್ಟ ನೆನಪ ಇಟಗೋರಿ.

ಗೋರೆಗಾಂವ್ ಮಗಳು · ಮಂಗಳವಾರ, ಮಧ್ಯಾಹ್ನ 2.30

ವಾಸ್ಕೋ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ.

ನಾನು ಒಬ್ಬಳೇ ಮಗಳು, ಈಗ 43. ಬಾಲ್ಯದಲ್ಲಿ ನನಗೆ ಏನೂ ಕೊರತೆ ಅನಿಸಿರಲಿಲ್ಲ. ಮೇ ತಿಂಗಳಲ್ಲಿ ಉಡುಪಿಗೆ ಹೋದರೆ ಮಾವಂದಿರ ಮಕ್ಕಳು ಒಂಬತ್ತು ಮಂದಿ. ಅವರೆಲ್ಲ ಸೇರಿ ನನ್ನನ್ನು 'ಬೊಂಬಾಯಿ ರಾಣಿ' ಅಂತ ಅಳಿಸಿ ಅಳಿಸಿ, ಎರಡು ವಾರದಲ್ಲಿ ರಾಣಿತನ ಬಿಡಿಸಿ ಕಳಿಸುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಕೊರತೆ ಗೊತ್ತಾದದ್ದು ಈಗ. ಅಪ್ಪನಿಗೆ ಪಾರ್ಕಿನ್ಸನ್ಸ್, ಅಮ್ಮನಿಗೆ ಮಂಡಿ ಆಪರೇಷನ್. ಡಾಕ್ಟರು ಕಾಗದ ಮುಂದಿಟ್ಟು ಸಹಿ ಹಾಕಿ ಅಂದಾಗ "ನೀನೇನಂತಿ?" ಅಂತ ಕೇಳಲಿಕ್ಕೆ ಇನ್ನೊಬ್ಬರಿಲ್ಲ. ಅಪ್ಪ ಚಿಕ್ಕವರಿದ್ದಾಗ ಹೇಗೆ ನಗುತ್ತಿದ್ದರು ಅನ್ನುವುದು ನನ್ನೊಬ್ಬಳಿಗೇ ನೆನಪಿದೆ. ಗಂಡ ಒಳ್ಳೆಯವರು, ಆದರೆ ಅವರು ಆ ಅಪ್ಪನನ್ನು ನೋಡಿಲ್ಲ.

ಇದನ್ನು ಹೇಳಿ ನಿಮ್ಮನ್ನು ಹೆದರಿಸಬೇಕಂತ ಅಲ್ಲ, ಅಕ್ಕ. ನನ್ನ ಗೆಳತಿಗೆ ಮೂವರು ಅಣ್ಣಂದಿರು, ತಾಯಿಯನ್ನು ನೋಡಿಕೊಳ್ಳುತ್ತಿರುವವಳು ಅವಳೊಬ್ಬಳೇ. ಆದರೆ ಒಂಟಿ ಮಗುವಿಗೆ ಏನೂ ವ್ಯತ್ಯಾಸವಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ನಡವಳಿಕೆ ಬೇರೆ, ಬದುಕು ಬೇರೆ. ನಿಮ್ಮ ಮಗನಿಗೆ ಅಕ್ಕಪಕ್ಕದವರನ್ನು, ನೆಂಟರ ಮಕ್ಕಳನ್ನು ಹತ್ತಿರ ಇರಿಸಿ. ಮುಂದೆ ಅವನು ಸಹಾಯ ಕೇಳಬೇಕಾದಾಗ ನಾಚಿಕೆ ಆಗದಿರಲಿ.

ನೆರೂಳ್ ಮಾವ · ಮಂಗಳವಾರ, ರಾತ್ರಿ 8.05

ಒಂದು ಎಚ್ಚರಿಕೆ. ನನ್ನ ತಂಗಿಯ ಮಗಳು ಒಬ್ಬಳೇ. ನಾಲ್ಕು ವರ್ಷದಲ್ಲಿ ಜೋರಾಗಿ ಕಿರುಚುವುದು, ಕರೆದರೆ ತಿರುಗದಿರುವುದು, ಬೇರೆ ಮಕ್ಕಳ ಆಟಕ್ಕೆ ಸೇರದಿರುವುದು. "ಒಬ್ಬಳೇ ಅಲ್ವಾ, ಮುದ್ದು ಜಾಸ್ತಿ" ಎಂದು ಹತ್ತು ತಿಂಗಳು ಕಳೆದೆವು. ಕೊನೆಗೆ ಕಿವಿ ಡಾಕ್ಟರು ನೋಡಿದರೆ ಎರಡೂ ಮಧ್ಯಕಿವಿಯಲ್ಲಿ ನೀರು ತುಂಬಿ ನಿಂತಿತ್ತು. ಮಗುವಿಗೆ ಅರ್ಧಂಬರ್ಧ ಕೇಳಿಸುತ್ತಿತ್ತು ಅಷ್ಟೆ. ಸಣ್ಣ ಕೊಳವೆ ಹಾಕಿದ ಮೇಲೆ ಮಾತು ತಿಳಿಯಾಯಿತು, ಕಿರುಚಾಟ ನಿಂತಿತು. ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯವಂತೆ. 'ಒಂಟಿ ಮಗು' ಎಂಬ ಹಣೆಪಟ್ಟಿ ಅಂಟಿಸುವ ಮೊದಲು ಕಿವಿ, ಕಣ್ಣು, ಮಾತು ಮೂರನ್ನೂ ತೋರಿಸಿ.

ಠಾಣೆ ಇಬ್ಬರ ಅಪ್ಪ · ಮಂಗಳವಾರ, ರಾತ್ರಿ 9.30

ಮಾಟುಂಗಾ ಸರ್ ಹೇಳಿದ ಗ್ಯಾಲರಿ ಈಗ ಎಲ್ಲಿದೆ? ನಮ್ಮ ಸೊಸೈಟಿಯಲ್ಲಿ ಟೆರೇಸಿಗೆ ಬೀಗ. ಕೆಳಗೆ ಕಾರುಗಳು. ಗೋಡೆ ಮೇಲೆ 'ಚೆಂಡಾಟ ನಿಷಿದ್ಧ' ಬೋರ್ಡು. ಎಂಬತ್ತು ಮನೆ, ಸುಮಾರು ನಲವತ್ತು ಮಕ್ಕಳು, ಸಂಜೆ ಆರಕ್ಕೆ ಎಲ್ಲರೂ ಒಂದೊಂದು ಕ್ಲಾಸಿನಲ್ಲಿ. ಕಳೆದ ಸಲದ ಮೀಟಿಂಗಿನಲ್ಲಿ ನಾನು ಎದ್ದು ನಿಂತು, ಸಂಜೆ ಒಂದೂವರೆ ಗಂಟೆ ಹಿಂದಿನ ಗೇಟಿನ ಜಾಗ ಮಕ್ಕಳಿಗೆ ಬಿಡಿ ಅಂತ ಕೇಳಿದೆ. ಕಾರಿನ ಗಾಜು ಒಡೆದರೆ ಯಾರು ಹೊಣೆ ಅಂದರು. ನಾನೇ ಹೊಣೆ ಅಂತ ಬರೆದುಕೊಟ್ಟೆ. ಈಗ ಆಡ್ತಾರೆ. ಇಲ್ಲಿಯವರೆಗೆ ಒಂದು ಕನ್ನಡಿ ಹೋಗಿದೆ, ದುಡ್ಡು ಕೊಟ್ಟೆ.

ಪುಣೆ ಮೇಡಂ, ಒಂದು ಕೇಳಬೇಕಿತ್ತು. ಇಬ್ಬರು ಜಗಳ ಆಡುವಾಗ ನಾವು ಮಧ್ಯೆ ಹೋಗಬೇಕಾ ಬೇಡವಾ?

ಪುಣೆ ಸಲಹೆಗಾರ್ತಿ · ಬುಧವಾರ, ಮಧ್ಯಾಹ್ನ 12.50

ಕೈ ಮೇಲೆದ್ದರೆ, ಹಲ್ಲು ಊರಿದರೆ, ಒಬ್ಬನೇ ಯಾವಾಗಲೂ ಏಟು ತಿನ್ನುತ್ತಿದ್ದರೆ ಹೋಗಲೇಬೇಕು. ಬರೀ ಮಾತಿನ ಜಗಳವಾದರೆ ತೀರ್ಪು ಕೊಡಲು ಹೋಗಬೇಡಿ. "ನಿನಗೆ ಏನು ಬೇಕಿತ್ತು, ಅವಳಿಗೆ ಏನು ಬೇಕಿತ್ತು" ಎಂದು ಇಬ್ಬರ ಬಾಯಲ್ಲೂ ಹೇಳಿಸಿ, ಆಮೇಲೆ ಅವರಿಗೇ ಬಿಡಿ.

ನಿಮ್ಮ ತೊಟ್ಟಿಲಿನ ಘಟನೆ ಓದಿ ಜೂಡಿ ಡನ್ ನೆನಪಾದರು. ಅವರೂ ಕ್ಯಾರಲ್ ಕೆಂಡ್ರಿಕ್ ಅವರೂ ಕೇಂಬ್ರಿಜ್‌ನ 40 ಮನೆಗಳಲ್ಲಿ ಎರಡನೇ ಮಗು ಹುಟ್ಟುವ ಮೊದಲಿನಿಂದ ಕೂತು ನೋಡಿದ್ದರು, 1982ರಲ್ಲಿ ಅದು ಪ್ರಕಟವಾಯಿತು. ಮೊದಮೊದಲ ವಾರಗಳಲ್ಲಿ ತಾಯಿ ದೊಡ್ಡ ಮಗುವಿನ ಜತೆ ಕೂಸಿನ ಬಗ್ಗೆ "ನೋಡು, ಅವನಿಗೆ ಹಸಿವಾಗಿದೆ ಅನಿಸುತ್ತೆ, ಏನು ಮಾಡೋಣ?" ಎಂದು, ಅದೂ ಮನಸ್ಸಿರುವ ಜೀವ ಎನ್ನುವ ಹಾಗೆ ಮಾತಾಡಿದ ಮನೆಗಳಲ್ಲಿ, ಮುಂದೆ ಇಬ್ಬರ ನಡುವೆ ಸ್ನೇಹ ಹೆಚ್ಚಿತ್ತು. ಬರೀ "ಮುಟ್ಟಬೇಡ, ದೂರ ಹೋಗು" ಎಂದರೆ ಅಕ್ಕನಿಗೆ ಆ ಕೂಸು ಒಂದು ಒಡೆಯುವ ಸಾಮಾನು ಅಷ್ಟೆ.

ಅಂದರೆ ತಮ್ಮನನ್ನು ಹೆತ್ತು ಕೊಟ್ಟರೂ ಈ ಮಾತನ್ನು ನಾವೇ ಆಡಬೇಕು. ಡೊಂಬಿವಲಿ ಅಮ್ಮ, ಇದನ್ನು ನೀವು ಶಾಲೆಯ ಆ ಹುಡುಗಿಯ ಮೊಣಕೈ ಬಗ್ಗೆಯೂ ಆಡಬಹುದು. ಕ್ಷಮೆ ಕೇಳು ಎಂದು ಗದರುವ ಬದಲು, ಅವಳಿಗೆ ಆ ರಾತ್ರಿ ಸ್ನಾನ ಮಾಡುವಾಗ ಎಷ್ಟು ಉರಿದಿರಬಹುದು ಎಂದು ಕೇಳಿ ನೋಡಿ. ಮತ್ತೆ, ತನಗಿಂತ ಚಿಕ್ಕವರೂ ದೊಡ್ಡವರೂ ಇರುವ ಜಾಗಕ್ಕೆ ಅವನನ್ನು ಹಾಕಿ. ಕ್ಲಾಸಿನಲ್ಲಿ ಇರುವುದೆಲ್ಲ ಸಮವಯಸ್ಸಿನವರು, ಅಲ್ಲಿ ಯಾರೂ ಅಣ್ಣ ಅಲ್ಲ, ಯಾರೂ ತಮ್ಮ ಅಲ್ಲ.

ಮುಲುಂಡ್ ದೊಡ್ಡಮ್ಮ · ಬುಧವಾರ, ಸಂಜೆ 4.40

ಎಲ್ಲರದ್ದೂ ಓದಿದೆ. ವಾಸ್ಕೋದ ಆ ಹುಡುಗಿಯ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಮ್ಮ ಐದು ಮಂದಿಯಲ್ಲಿ ಹಿರಿಯಕ್ಕ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಾರಣ ನಾವು ನಾಲ್ವರು. ಚಕ್ಕುಲಿ ಪಾಲು ಮಾಡುತ್ತಿದ್ದವಳು ಅವಳೇ, ಕಡೆಗೆ ತೆಗೆದುಕೊಳ್ಳುತ್ತಿದ್ದವಳೂ ಅವಳೇ. ಅರವತ್ತೆಂಟು ವರ್ಷಕ್ಕೆ ಇದು ನನಗೆ ಹೊಳೆಯಿತು. ಮೊದಲು ಅದನ್ನು ನಮ್ಮೆಲ್ಲರ ನಿಯಮ ಅಂತ ಬರೆದಿದ್ದೆ.

ಆದರೂ ಒಡಹುಟ್ಟಿದವರು ಬೇಡ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಅಕ್ಕನಿಗೆ ಈಗಲೇ ಫೋನ್ ಮಾಡುತ್ತೇನೆ.

ಡೊಂಬಿವಲಿ ಅಮ್ಮ · ಏಳು ವಾರದ ನಂತರ, ಭಾನುವಾರ, ಸಂಜೆ 7.10

ಅಂದು ಉತ್ತರ ಕೊಟ್ಟ ಎಲ್ಲರಿಗೂ ಹೇಳಬೇಕು ಅಂತ ಮತ್ತೆ ಬಂದೆ.

ನೆರೂಳ್ ಅಣ್ಣ ಹೇಳಿದ ಹಾಗೆ ಕಿವಿ, ಕಣ್ಣು ಎರಡೂ ತೋರಿಸಿದ್ವಿ, ಸರಿಯಾಗಿದೆ. ಯಜಮಾನರ ಜತೆ ಕೂತು ಮಾತಾಡಿದೆ. ಇನ್ನೊಂದು ಮಗು ಬೇಡ ಅನ್ನೋ ತೀರ್ಮಾನ ಹಾಗೇ ಇದೆ, ಈ ಸಲ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡ್ವಿ.

ಶಾಲೆಯಿಂದ ನೇರ ಮನೆಗೆ ಬರ್ತಿದ್ದವನನ್ನ ಈಗ ನಮ್ಮ ಬೀದಿ ಕೊನೆಯಲ್ಲಿರೋ ಪಾಳಣಾಘರಕ್ಕೆ, ಅಂದರೆ ಮಕ್ಕಳನ್ನ ನೋಡಿಕೊಳ್ಳೋ ಮನೆಗೆ, ಬಿಡ್ತೀವಿ, ಆರು ಗಂಟೆವರೆಗೆ. ಅದನ್ನ ನಡೆಸೋ ಕಾಕು ಹತ್ತಿರ ಒಂಬತ್ತು ಮಕ್ಕಳು, ಎರಡು ವರ್ಷದಿಂದ ಹತ್ತು ವರ್ಷದವರೆಗೆ. ಅತ್ತೆಗೆ ಮೊದಲು ತುಂಬಾ ನೋವಾಯ್ತು, "ನಾನಿದ್ದೂ ಬೇರೆಯವರ ಮನೆಗಾ" ಅಂದರು. ಮೊದಲ ವಾರ ಒಬ್ಬನ ಕೆನ್ನೆ ಪರಚಿ ಬಂದ. ಎರಡನೇ ವಾರ ಹತ್ತು ವರ್ಷದ ಹುಡುಗನ ಕೈಲಿ ಇವನೇ ಏಟು ತಿಂದು ಬಂದ. ನಾನು ಚಪ್ಪಲಿ ಮೆಟ್ಟಿ ಹೊರಟಿದ್ದೆ, ಕಾಕು ಫೋನಲ್ಲೇ ತಡೆದರು, "ಉದ್ಯಾ ಬಘು" ಅಂತ. ನಾಳೆ ನೋಡೋಣ. ಮರುದಿನ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಪೋಹಾ ತಿಂತಿದ್ದರಂತೆ. ಈಗ ಎರಡು ವರ್ಷದ ಒಂದು ಪುಟಾಣಿ ಇವನ ಹಿಂದೆಯೇ ತಿರುಗುತ್ತೆ. ಇವನು ತಟ್ಟಿದರೇ ಮಲಗೋದಂತೆ. ಮನೆಗೆ ಬಂದವನು ದೊಡ್ಡ ಮನುಷ್ಯನ ಹಾಗೆ "ಅವಳಿಗೆ ಹಲ್ಲು ಬರ್ತಿದೆ ಅಮ್ಮ, ಅದಕ್ಕೆ ಕಚ್ಚುತ್ತಾಳೆ" ಅಂದ.

ಶಾಲೆಯಿಂದ ಈ ನಡುವೆ ಮತ್ತೊಂದು ಸಲ ಫೋನ್ ಬಂತು. ಎಲ್ಲಾ ನೆಟ್ಟಗಾಗಿದೆ ಅಂತ ಹೇಳಲಾರೆ.

ಮನೇಲಿ ಅತ್ತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದಿದ್ದಾರೆ. ಹುಣಸೆ ಬೀಜ ಸೀಳಿ ಅವರೇ ತಿಕ್ಕಿದ್ದು. ಯಾರೂ ಬೇಕಂತ ಸೋಲೋ ಹಾಗಿಲ್ಲ ಅಂತ ನಿಯಮ, ಎಲ್ಲರಿಗಿಂತ ಕಷ್ಟ ಆದದ್ದು ಅತ್ತೆಗೇ. ಮೊದಲ ಸಲ ಸೋತಾಗ ಬೀಜ ಎಲ್ಲಾ ಮಂಚದ ಕೆಳಗೆ ಎಸೆದು ಮುಕ್ಕಾಲು ಗಂಟೆ ಅತ್ತ. ಅತ್ತೆಯ ಕಣ್ಣಲ್ಲೂ ನೀರು, ಆದರೆ ಎದ್ದು ಹೋಗಲಿಲ್ಲ, "ಹುಡುಕಿ ತಂದರೆ ಇನ್ನೊಂದು ಆಟ" ಅಂದು ಅಲ್ಲೇ ಕೂತರು. ಆ ದಿನ ತರಲಿಲ್ಲ. ಮರುದಿನ ತಂದ.

ಇವತ್ತು ಮೇಲಿನ ಮಹಡಿಯಿಂದ ಮೂವರು ಮಕ್ಕಳು ಬಂದಿದ್ದಾರೆ, ಐದು ವರ್ಷದವಳಿಂದ ಹನ್ನೊಂದರವನವರೆಗೆ. ಈಗಷ್ಟೇ ಇವನ ಕಾಯಿ ಹಣ್ಣಾಗೋಕೆ ಎರಡೇ ಮನೆ ಇರುವಾಗ ಐದು ವರ್ಷದವಳು ಕಡಿದುಹಾಕಿದಳು. ಮುಖ ಕೆಂಪಾಗಿ ಎದ್ದು ಬಾಲ್ಕನಿಗೆ ಹೋಗಿ ಸರಳು ಹಿಡಿದು ನಿಂತ. ನಾವು ಯಾರೂ ಹಿಂದೆ ಹೋಗಲಿಲ್ಲ. ಮಕ್ಕಳೂ ಆಟ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾನೇ ಬಂದು ಕೂತು, "ನಂದು ಇನ್ನೆಷ್ಟು ಕಾಯಿ ಇದೆ?" ಅಂತ ಕೇಳಿದ.

ಎರಡು ಇದೆ ಅಂದಳು ಆ ಪುಟ್ಟಿ. ಇನ್ನೂ ಆಡ್ತಾ ಇದ್ದಾರೆ.